ಮೇಷ್ಟ್ರ ಕಾಲಿನ ಬೆಳಕು

ಹೆತ್ತವರು ಇಟ್ಟ ಹೆಸರು ಅವಳಿಗೂ ಒಂದಿತ್ತು. ಈಗ ಆ ಹೆಸರು ಹಿಡಿದು ಕರೆಯುವವನು ಗಂಡ ಒಬ್ಬನೇ, ಅದೂ ಸಿಟ್ಟು ಬಂದಾಗ. ಉಳಿದವರಿಗೆಲ್ಲ ಅವಳು ತಾಳತಪ್ಪಿ. ಎದುರಿಗೆ ಸಿಕ್ಕಾಗ ‘ಅಕ್ಕಾ’ ಅನ್ನುವರು, ಅವಳು ಬೆನ್ನು ತಿರುಗಿಸಿದ ಮೇಲೆ ತಾಳತಪ್ಪಿ. ‘ತಾಳತಪ್ಪಿ ಹತ್ತಿರ ಕೊಡು, ಅವಳ ಹೊಲಿಗೆ ಬಿಚ್ಚೋದಿಲ್ಲ’ ಎಂದು ಹೊಗಳುವಾಗಲೂ ಹೆಸರು ಅದೇ. ಹೊಗಳಿಕೆಯಲ್ಲಿ ಬೈಗುಳ ಸೇರಿಸಿ ಉಣಬಡಿಸುವುದರಲ್ಲಿ ಆ ಬೀದಿಯವರನ್ನು ಮೀರಿಸುವವರಿಲ್ಲ. ಅವಳು ಕೇಳಿಸದವಳ ಹಾಗೆ ಇರುತ್ತಿದ್ದಳು. ಕೇಳಿಸುತ್ತಿತ್ತು, ಪ್ರತಿ ಸಲವೂ ಮೈ ಉರಿಯುತ್ತಿತ್ತು.

ಅವಳ ಅಪ್ಪ ಕುಣಿಯುವವರಿಗೆ ಶೂ ಮಾಡಿಕೊಡುತ್ತಿದ್ದವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ತೊಟ್ಟಿಲಲ್ಲಿದ್ದಾಗಿನಿಂದ ಅವನ ಸುತ್ತಿಗೆಯ ಸದ್ದು ಕೇಳಿ ಬೆಳೆದ ಹುಡುಗಿ, ಕಾಲು ಬಂದ ಕೂಡಲೇ ಆ ಸದ್ದಿಗೆ ಹೆಜ್ಜೆ ಹಾಕತೊಡಗಿದಳು. ದೊಡ್ಡವಳಾದ ಮೇಲೆ ಕುಣಿತ ಕಲಿಸುವ ಮೇಷ್ಟ್ರ ತಂಡ ಸೇರಿದಳು. ಮರದ ಹಲಗೆಯ ಮೇಲೆ ಹಿಮ್ಮಡಿ ಕುಟ್ಟಿ ಕುಣಿಯುವ ತಂಡ ಅದು. ಮೇಷ್ಟ್ರು ಎಂದರೆ ಆಗ ಹರೆಯದ ಗಂಡಸು, ಎದೆ ಮುಂದೆ ಮಾಡಿ ನಿಂತರೆ ಸಭೆಯಲ್ಲಿ ಕೆಮ್ಮುವವರೂ ಸುಮ್ಮನಾಗುತ್ತಿದ್ದರು. ಅವರ ಜೊತೆಗೆ ಜೋಡಿಯಾಗಿ ಕುಣಿಯುವ ಭಾಗ್ಯ ಅವಳಿಗೆ ಸಿಕ್ಕಿತು. ಭಾಗ್ಯ ಎಂದು ಆಗ ಎಲ್ಲರೂ ಅಂದಿದ್ದರು, ಅವಳೂ ಹಾಗೆಯೇ ಅಂದುಕೊಂಡಿದ್ದಳು.

ಕುಣಿತದ ಕೊನೆಯಲ್ಲಿ ಒಂದು ಹಾರಾಟ ಬರುತ್ತಿತ್ತು. ಉಳಿದವರೆಲ್ಲ ನಿಂತುಬಿಡುತ್ತಾರೆ. ಅವಳು ರಂಗದ ಆ ತುದಿಯಿಂದ ಓಡಿ ಬರಬೇಕು. ಡೋಲಿನ ದೊಡ್ಡ ಪೆಟ್ಟು ಬಿದ್ದ ಕ್ಷಣ ಅವಳು ಹಾರಬೇಕು, ಅದೇ ಪೆಟ್ಟಿಗೆ ಮೇಷ್ಟ್ರು ಕಾಲು ಕುಟ್ಟಿ ಸುತ್ತು ತಿರುಗುತ್ತಾ ಅವಳನ್ನು ಗಾಳಿಯಲ್ಲೇ ಹಿಡಿಯಬೇಕು. ಡೋಲು ಬಾರಿಸುತ್ತಿದ್ದವನು ಮೇಷ್ಟ್ರ ಭಾವಮೈದ. ಅವನು ಎಂದೂ ತನ್ನ ಡೋಲು ನೋಡಿದವನಲ್ಲ, ಕಣ್ಣೆಲ್ಲ ಭಾವನ ಕಾಲಿನ ಮೇಲೆ. ಕಾಲು ಬಿದ್ದಾಗ ಕೋಲು ಬೀಳುತ್ತಿತ್ತು. ಹೀಗಾಗಿ ಮೇಷ್ಟ್ರಿಗೆ ತಾಳ ತಪ್ಪುವುದು ಎಂಬ ಮಾತೇ ಇರಲಿಲ್ಲ, ತಾಳವೇ ಅವರ ಹಿಂದೆ ಬಾಲ ಮುದುರಿಕೊಂಡು ಓಡುತ್ತಿತ್ತು.

ಒಂದು ಸಂಜೆ ಭಾವಮೈದನಿಗೆ ಜ್ವರ ಬಂತು. ಬದಲಿಗೆ ಬಂದವನು ತನ್ನ ಡೋಲಾಯಿತು ತಾನಾಯಿತು ಎಂದು ಬಾರಿಸುವ ಮನುಷ್ಯ. ಅವಳು ಪೆಟ್ಟು ಕೇಳಿ ಹಾರಿದಳು. ಮೇಷ್ಟ್ರು ಅಷ್ಟರಲ್ಲಿ ತಿರುಗಿ ಮುಗಿಸಿದ್ದರು. ಹಿಡಿಯುವ ಕೈಗಳು ಇರಬೇಕಾದ ಜಾಗದಲ್ಲಿ ಬೆನ್ನಿತ್ತು. ಅವಳು ಹಲಗೆಗೆ ಬಿದ್ದಳು, ಕಾಲಿನ ಗಂಟು ಮುರಿದ ಸದ್ದು ಮೊದಲ ಸಾಲಿನವರಿಗೂ ಕೇಳಿಸಿತಂತೆ. ಮೇಷ್ಟ್ರು ಸಭೆಗೆ ಕೈ ಮುಗಿದು, ‘ಹುಡುಗಿ ತಾಳ ತಪ್ಪಿದಳು, ಕ್ಷಮಿಸಿ’ ಎಂದರು. ಅಷ್ಟೇ. ಆ ಮಾತು ಅವಳಿಗಿಂತ ಮೊದಲು ಆಸ್ಪತ್ರೆ ತಲುಪಿತು, ಹಣ್ಣು ಹಿಡಿದು ನೋಡಲು ಬಂದವರೆಲ್ಲ ಅದನ್ನೇ ಹೇಳಿ ಸಮಾಧಾನ ಮಾಡಿದರು. ಮೂಳೆ ಸೊಟ್ಟಗೆ ಕೂಡಿತು. ಅವಳು ಅಪ್ಪನ ಮೇಜಿನ ಮುಂದೆ ಕೂತು ಉಳಿ ಹಿಡಿದಳು. ತಾನು ಪೆಟ್ಟಿಗೆ ಸರಿಯಾಗಿ ಹಾರಿದ್ದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಊರೆಲ್ಲ ಒಂದೇ ಮಾತು ಹೇಳುವಾಗ ಗೊತ್ತಿದ್ದದ್ದೂ ಒಮ್ಮೊಮ್ಮೆ ಅಲುಗಾಡುತ್ತದೆ. ಆ ಅಲುಗಾಟವೇ ಅವಳಿಗೆ ಕಾಲಿಗಿಂತ ಹೆಚ್ಚು ನೋವು ಕೊಟ್ಟಿತು.

ಗಂಡ ರೇಡಿಯೋ, ಮಿಕ್ಸಿ, ಫ್ಯಾನು ರಿಪೇರಿ ಮಾಡುವವನು. ಅದೇ ಕೋಣೆಯ ಇನ್ನೊಂದು ಮೂಲೆ ಅವನದು. ಅವಳ ಅಂಟಿನ ವಾಸನೆಗೆ ಅವನು ಮೂಗು ಮುರಿಯುವುದು, ಅವನ ಬೆಸುಗೆಯ ಹೊಗೆಗೆ ಅವಳು ಕೆಮ್ಮುವುದು, ಇದೇ ಅವರ ಸಂಸಾರದ ಸಂಗೀತ. ಒಂದು ಸಲ ಸುಮ್ಮನೆ ಕೂರಲಾರದೆ ಇಬ್ಬರೂ ಸೇರಿ ಒಂದು ಜೋಡಿ ಶೂ ಮಾಡಿದರು. ಹಿಮ್ಮಡಿಯೊಳಗೆ ತೆಳುವಾದ ಎರಡು ತಾಮ್ರದ ತಗಡು, ನಡುವೆ ತೂತು ಕೊರೆದ ಸ್ಪಂಜು. ಕಾಲು ಕುಟ್ಟಿದರೆ ಸ್ಪಂಜು ಅಮುಕಿಹೋಗಿ ತಗಡಿಗೆ ತಗಡು ತಾಗುತ್ತದೆ, ಅಟ್ಟೆಯ ಅಂಚಿನ ಸುತ್ತ ಅಂಟಿಸಿದ ಪುಟ್ಟ ದೀಪಗಳು ಹತ್ತುತ್ತವೆ. ಕಾಲು ಎತ್ತಿದರೆ ಆರುತ್ತವೆ. ಕತ್ತಲಲ್ಲಿ ಹಾಕಿ ಕುಣಿದರೆ ಮನುಷ್ಯ ಕಾಣುವುದಿಲ್ಲ, ಹೆಜ್ಜೆ ಮಾತ್ರ ಕಾಣುತ್ತದೆ. ಸುದ್ದಿ ಹಬ್ಬಿತು.

ಒಂದು ಬೆಳಿಗ್ಗೆ ಮೇಷ್ಟ್ರೇ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಅವಳು ಬಿದ್ದ ದಿನದಿಂದ ಅಲ್ಲಿಯವರೆಗೆ ಆ ಮೆಟ್ಟಿಲು ತುಳಿದವರಲ್ಲ, ಶೂ ರಿಪೇರಿಗೆ ಬೇರೆಯವರ ಕೈಯಲ್ಲಿ ಕಳಿಸುತ್ತಿದ್ದರು. ತಲೆ ನರೆತಿತ್ತು, ಎದೆ ಇನ್ನೂ ಮುಂದೆಯೇ ಇತ್ತು. ತಂಡದ ವಾರ್ಷಿಕೋತ್ಸವಕ್ಕೆ ಇಡೀ ಕುಣಿತವನ್ನು ಕತ್ತಲಲ್ಲಿ ಮಾಡಬೇಕೆಂದಿದ್ದರು. ಹಿಂದಿನ ಸಾಲಿನ ಹೊಸಬರಿಗೆ, ತಮಗೆ, ತಮ್ಮ ಜೋಡಿಯಾಗಿ ಕುಣಿಯುವ ಮಗಳಿಗೆ, ಎಲ್ಲರಿಗೂ ಬೆಳಕಿನ ಶೂ ಬೇಕು. ಭಾವಮೈದ ತೀರಿಹೋಗಿದ್ದ, ಈಗ ಡೋಲೆಲ್ಲ ಸ್ಪೀಕರಿನಲ್ಲಿ. ಹಳೆಯ ವಿಷಯ ಬಾಯಿಗೆ ಬರಲಿಲ್ಲ, ಅವಳ ಕಾಲಿನ ಕಡೆಗೆ ಕಣ್ಣೂ ಹೋಗಲಿಲ್ಲ. ಅವಳು ಒಂದು ಮಾತೂ ಎದುರಾಡದೆ ಒಪ್ಪಿಕೊಂಡಳು. ಅವರು ಇಳಿದುಹೋದ ಮೇಲೆ ಗಂಡ ಬೆಸುಗೆ ಕಡ್ಡಿ ಕೆಳಗಿಟ್ಟು, ಇದೇನು ಇಷ್ಟು ಸಲೀಸಾಗಿ ಒಪ್ಪಿದೆ ಎಂದು ಕೇಳಿದ.

“ಅವರ ಕಾಲು ಒಂದು ಸಲ ನನ್ನ ಕೈಗೆ ಸಿಗಲಿ ಅಂತ ಎಷ್ಟು ವರ್ಷ ಕಾದಿದೀನಿ ಗೊತ್ತೇನ್ರೀ?”

ಅಂದಿನಿಂದ ಅವನು ಸಣ್ಣ ಮೊಳೆಗಳ ಡಬ್ಬಿಯನ್ನು ತನ್ನ ಮೂಲೆಯಲ್ಲೇ ಇಟ್ಟುಕೊಂಡ. ಮೊಳೆ ಬೇಕಾದಾಗ ಅವಳು ಅವನನ್ನೇ ಕೇಳಬೇಕಿತ್ತು, ಯಾರ ಶೂಗೆ ಎಂದು ವಿಚಾರಿಸಿಯೇ ಕೊಡುತ್ತಿದ್ದ. ಅವನ ಹೆದರಿಕೆ ಸುಳ್ಳೇನಲ್ಲ. ಮೇಷ್ಟ್ರ ಪಾದವನ್ನು ಕಾಗದದ ಮೇಲೆ ಇರಿಸಿಕೊಂಡು ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುವಾಗ ಅವಳಿಗೆ ಪೆನ್ಸಿಲು ಬಿಟ್ಟು ಉಳಿ ತೆಗೆದುಕೊಳ್ಳುವ ಮನಸ್ಸಾಗಿತ್ತು. ಆದರೆ ರಕ್ತ ಬಂದರೆ ಜನ ಅಯ್ಯೋ ಅನ್ನುತ್ತಾರೆ, ಮೇಷ್ಟ್ರಿಗೆ ಹಣ್ಣು ಹಿಡಿದು ಹೋಗುತ್ತಾರೆ. ಅವಳಿಗೆ ಬೇಕಾಗಿದ್ದದ್ದು ಅದಲ್ಲ. ಅವರು ನಾಲ್ಕು ಜನರ ಎದುರು ತಲೆ ತಗ್ಗಿಸಿ ನಿಲ್ಲಬೇಕು, ತಪ್ಪಿದ್ದು ತಾನು ಎಂದು ಅವರ ಬಾಯಲ್ಲೇ ಬರಬೇಕು. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ದಾರಿ ತೋರಿಸಿದವಳು ಮೇಷ್ಟ್ರ ಮಗಳು. ಅಳತೆ ನೋಡಲು ಬಂದಿದ್ದಳು. ನಗುಮುಖದ ಹುಡುಗಿ, ಕಾಲು ಕೆಳಗಿಡದೆ ಮಾತಾಡುವ ಜಾತಿ. ಹೊಸ ಶೂ ತೊಟ್ಟು ಅಂಗಡಿಯೊಳಗೇ ಎರಡು ಸುತ್ತು ಕುಣಿದು ಮಿಕ್ಸಿಯೊಂದನ್ನು ಉರುಳಿಸಿದಳು. ಕೊನೆಯ ಹಾರಾಟದ ಮಾತು ಬಂತು. ಡೋಲಿನ ಪೆಟ್ಟಿಗೆ ಹಾರುವುದಲ್ಲವೇ ಎಂದು ಇವಳು ಸುಮ್ಮನೆ ಕೇಳಿದಳು.

“ಅಯ್ಯೋ ಇಲ್ಲಕ್ಕ. ಡೋಲು ಕೇಳಲೇಬೇಡ, ನನ್ನ ಕಾಲು ನೋಡಿ ಹಾರು ಅಂತ ಅಪ್ಪ ಮೊದಲಿಂದ ಹೇಳಿಕೊಟ್ಟಿದಾರೆ. ನಿಮಗೆ ಪೆಟ್ಟಾದ ಮೇಲೆ ಜೋಡಿಗೆ ಬಂದವರಿಗೆಲ್ಲ ಹಾಗೇ ಹೇಳಿಕೊಟ್ಟಿದ್ದಂತೆ.”

ಅವಳ ಕೈಯಲ್ಲಿದ್ದ ದಾರ ಅಲ್ಲೇ ನಿಂತಿತು. ತಾನು ಕುಣಿಯುವಾಗ ನಿಯಮ ಬೇರೆಯಾಗಿತ್ತು, ಪೆಟ್ಟು ಬಿದ್ದಾಗ ಹಾರು ಎಂಬುದು ಮೇಷ್ಟ್ರೇ ಕೊಟ್ಟ ನಿಯಮ. ಅವಳು ತಪ್ಪಿದ್ದೇ ನಿಜವಾಗಿದ್ದರೆ ಅದನ್ನು ಬದಲಾಯಿಸುವ ಅಗತ್ಯ ಏನಿತ್ತು? ತನ್ನ ಕಾಲು ಮುಂದೋಡುತ್ತದೆ ಎಂದು ಆ ಮನುಷ್ಯನಿಗೆ ಗೊತ್ತಿತ್ತು. ಗೊತ್ತಿದ್ದೇ ಕೈ ಮುಗಿದು ಕ್ಷಮೆ ಕೇಳಿದ್ದ, ಅವಳ ಪರವಾಗಿ. ಹುಡುಗಿ ಹೋದ ಮೇಲೆ ಅವಳು ಎದ್ದು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ವರ್ಷಗಟ್ಟಲೆ ಅಲುಗಾಡುತ್ತಿದ್ದದ್ದು ಅಂದು ಗಟ್ಟಿಯಾಗಿ ಕೂತಿತು, ಅದರ ಮೇಲೆ ದ್ವೇಷವೂ ಅಷ್ಟೇ ಗಟ್ಟಿಯಾಗಿ ಕೂತಿತು.

ಶೂಗಳೆಲ್ಲ ಸಿದ್ಧವಾದ ಮೇಲೆ ಅಭ್ಯಾಸದ ಕೋಣೆಯಲ್ಲಿ ಕಿಟಕಿಗಳಿಗೆ ಕರಿ ಬಟ್ಟೆ ಕಟ್ಟಿ ಮೊದಲ ಸಲ ಹಾಕಿ ನೋಡಿದರು. ದೀಪ ಆರಿತು, ಸ್ಪೀಕರಿನಲ್ಲಿ ಡೋಲು ಶುರುವಾಯಿತು. ಹಿಂದಿನ ಸಾಲಿನ ಹೊಸಬರು ಫೋನಿನಲ್ಲಿ ತಾಳ ಹಾಕಿಕೊಂಡು ಕಲಿತವರು, ಅವರ ಬೆಳಕೆಲ್ಲ ಪೆಟ್ಟಿನ ಜೊತೆಗೇ ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತಿತ್ತು. ಮುಂದುಗಡೆ ಒಂದು ಜೋಡಿ ಬೆಳಕು ಮಾತ್ರ ಎಲ್ಲರಿಗಿಂತ ಮೊದಲು ಹತ್ತುತ್ತಿತ್ತು. ಕುಣಿತ ಬಿರುಸಾದಷ್ಟೂ ಅದರ ಅವಸರ ಹೆಚ್ಚುತ್ತಿತ್ತು. ಹಗಲಿನಲ್ಲಿ ಮೇಷ್ಟ್ರ ಎದೆಯನ್ನೂ ಮೀಸೆಯನ್ನೂ ನೋಡುವ ಭರದಲ್ಲಿ ಯಾರಿಗೂ ಕಾಣದೆ ಹೋಗಿದ್ದದ್ದು ಕತ್ತಲಲ್ಲಿ ಬೆತ್ತಲಾಗಿ ಕಂಡಿತು. ಬಾಗಿಲ ಬಳಿ ನಿಂತಿದ್ದ ಅವಳು ಒಂದು ಹೆಜ್ಜೆ ಮುಂದೆ ಬಂದಳು. ಈಗ ಎಲ್ಲರಿಗೂ ಗೊತ್ತಾಯಿತು ಅಂದುಕೊಂಡಳು.

ದೀಪ ಹಾಕಿದರು. ಎಲ್ಲರ ಕಣ್ಣೂ ಮೇಷ್ಟ್ರ ಶೂ ಮೇಲೆ. ಆಮೇಲೆ ಹಿಂದಿನ ಸಾಲಿನಿಂದ ಯಾವನೋ, ತಾಳತಪ್ಪಿ ಮಾಡಿದ ಶೂ ಕೂಡ ತಾಳ ತಪ್ಪುತ್ತದಲ್ಲಪ್ಪ ಎಂದ. ಕೋಣೆಯೆಲ್ಲ ನಗು. ಮೇಷ್ಟ್ರೂ ನಕ್ಕರು, ಶೂ ಬಿಚ್ಚಿ ಅವಳ ಕೈಗೆ ಕೊಟ್ಟು ಸರಿ ಮಾಡಿಕೊಂಡು ಬಾ ಎಂದರು. ಅವಳು ಅಲ್ಲೇ ಅಂಗೈಯಿಂದ ಹಿಮ್ಮಡಿ ಒತ್ತಿ ತೋರಿಸಿದಳು. ಒತ್ತಿದ ಕ್ಷಣಕ್ಕೆ ಸರಿಯಾಗಿ ಬೆಳಕು ಬಂತು. ಅದನ್ನು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ, ಎಲ್ಲರೂ ನಗುವುದರಲ್ಲಿದ್ದರು.

ಮರುದಿನ ಮೇಷ್ಟ್ರು ಒಬ್ಬರೇ ಬಂದರು. ಗಂಡ ಮಾರ್ಕೆಟ್ಟಿಗೆ ಹೋಗಿದ್ದ. ಅವರು ಶೂವನ್ನು ಎತ್ತಿ ತಿರುಗಿಸಿ ನೋಡಿದರು. ಶೂ ಸ್ವಲ್ಪ ಅವಸರ ಮಾಡುತ್ತಿದೆ, ಬೆಳಕು ಒಂದು ಚೂರು ತಡವಾಗಿ ಹತ್ತುವ ಹಾಗೆ ಏನಾದರೂ ಮಾಡಲು ಬರುತ್ತದೆಯೇ ಎಂದರು. ಅವಸರ ತನ್ನ ಕಾಲಿನದು ಎಂದು ಹೇಳಲಿಲ್ಲ. ಈ ಮಾತಿಗೆ ಬರುವುದಕ್ಕೂ ಅವರಿಗೆ ಬೆವರು ಇಳಿದಿತ್ತು. ಬರುತ್ತದೆ ಎಂದಳು ಅವಳು. ಆಮೇಲೆ ಹೊಲಿಗೆ ಬದಿಗಿಟ್ಟು ನೇರವಾಗಿ ನೋಡಿ ಹೇಳಿದಳು.

“ನಿಮ್ಮ ಮಗಳು ನಿಮ್ಮ ಕಾಲು ನೋಡಿ ಹಾರೋದು. ಕತ್ತಲಲ್ಲಿ ಅವಳಿಗೆ ಕಾಣೋದು ಬೆಳಕು ಮಾತ್ರ. ಬೆಳಕು ತಡ ಆದ್ರೆ ಅವಳೂ ತಡ ಆಗ್ತಾಳೆ ಮೇಷ್ಟ್ರೇ. ಅಷ್ಟರಲ್ಲಿ ನೀವು ತಿರುಗಿರ್ತೀರಿ. ಆಮೇಲೆ ಏನಾಗುತ್ತೆ ಅಂತ ನಾನು ಹೇಳ್ಬೇಕಾ?”

ಮೇಷ್ಟ್ರ ಮುಖ ಒಂದಿಷ್ಟು ಬಿಳಿಚಿತು. ಮಗಳು ಹುಟ್ಟಿದಾಗಿನಿಂದ ನನ್ನ ಕಾಲು ನೋಡುತ್ತಿದ್ದಾಳೆ, ಅವಳಿಗೆ ಬೆಳಕು ಗಿಳಕು ಬೇಕಿಲ್ಲ ಎಂದರು. ಹಾಗಾದರೆ ಇರುವ ವಿಷಯ ಎಲ್ಲರಿಗೂ ಹೇಳಿ, ಹಾರಾಟ ತೆಗೆದುಬಿಡಿ, ಇಲ್ಲವೇ ತಾಳಕ್ಕೆ ಕುಣಿಯಿರಿ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ.

“ಹೇಳಿದಷ್ಟು ಮಾಡಮ್ಮ” ಎಂದು ಅವರು ಎದ್ದರು.

ಗಂಡ ಈ ಕೆಲಸಕ್ಕೆ ಕೈ ಹಾಕಲು ಒಪ್ಪಲಿಲ್ಲ. ಅವಳು ತನ್ನ ಲೆಕ್ಕಾಚಾರ ಬಿಡಿಸಿ ಹೇಳಿದಳು. ಕೊನೆಯ ಅಭ್ಯಾಸಕ್ಕೆ ತಂಡದವರ ಮನೆಮಂದಿಯೆಲ್ಲ ಬರುತ್ತಾರೆ. ಅವರೆಲ್ಲರ ಎದುರು, ನೀವು ಹೇಳಿದ ಹಾಗೇ ಮಾಡಿದ್ದೇನೆ, ದೀಪ ಆರಿಸಲೇ ಎಂದು ಕೇಳುತ್ತಾಳೆ. ಮಗಳು ಓಡಿ ಬರಲು ನಿಂತಿರುತ್ತಾಳೆ. ಆಗ ಅವರು ಬಾಯಿ ಬಿಡಲೇಬೇಕು, ಬೇಡ, ಬೆಳಕು ತಡ, ನನ್ನ ಕಾಲು ಮುಂದು ಎಂದು ಹೇಳಲೇಬೇಕು. ಗಂಡ ಕೇಳಿ ಮುಗಿಸಿದ. ಅವರು ಹೇಳದಿದ್ದರೆ ಎಂದ.

“ಹೆತ್ತಪ್ಪ ಕಣ್ರೀ. ಮಗಳ ಕಾಲು ಮುರಿಯೋದನ್ನ ನೋಡ್ತಾ ನಿಲ್ತಾನಾ?”

“ನೀನೂ ಯಾರಿಗೋ ಮಗಳೇ ಆಗಿದ್ದೆ” ಎಂದ ಅವನು.

ಎರಡು ದಿನ ಮನೆಯಲ್ಲಿ ತಟ್ಟೆ ಲೋಟಗಳೇ ಮಾತಾಡಿದವು. ಕೊನೆಗೆ ಅವಳೇ ಬೆಸುಗೆ ಕಡ್ಡಿ ಹಿಡಿದಳು. ವರ್ಷಗಳಿಂದ ಪಕ್ಕದಲ್ಲಿ ಕೂತು ನೋಡಿದವಳಿಗೆ ಕೆಲಸ ಕೈಗೆ ಹತ್ತದೆ ಹೋಗಲಿಲ್ಲ. ಅವಳು ಬೆರಳು ಸುಟ್ಟುಕೊಂಡದ್ದನ್ನು ನೋಡಲಾರದೆ ಗಂಡ ಕಡ್ಡಿ ಕಿತ್ತುಕೊಂಡು, ಬೆಳಕನ್ನು ತಡೆದು ಬಿಡುವ ಒಂದು ಸಣ್ಣ ಭಾಗವನ್ನು ತಾನೇ ಸೇರಿಸಿದ. ಈಗ ಹಿಮ್ಮಡಿ ಒತ್ತಿದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕತ್ತಲು, ಆಮೇಲೆ ಬೆಳಕು. ಅವಳು ಅದನ್ನು ಮತ್ತೆ ಮತ್ತೆ ಒತ್ತಿ ನೋಡಿದಳು. ಅಷ್ಟೇ ಹೊತ್ತಿನ ಅಂತರದಲ್ಲಿ ತಾನು ಬಿದ್ದದ್ದು ಎಂದು ಅವಳಿಗೆ ಗೊತ್ತಿತ್ತು. ಹುಡುಗಿಗೆ ಒಂದು ಮಾತು ಹೇಳಿಬಿಡೋಣ ಎಂದು ಒಮ್ಮೆ ಅನ್ನಿಸಿತು. ಹೇಳಿದರೆ ಅವಳು ಅಪ್ಪನ ಬಳಿ ಓಡುತ್ತಾಳೆ, ಅಪ್ಪ ಏನೋ ಒಂದು ಕಥೆ ಕಟ್ಟುತ್ತಾನೆ, ಎಲ್ಲವೂ ಮನೆಯೊಳಗೇ ಮುಚ್ಚಿಹೋಗುತ್ತದೆ. ಅವಳು ಬಾಯಿಗೆ ಬೀಗ ಹಾಕಿಕೊಂಡಳು.

ಕೊನೆಯ ಅಭ್ಯಾಸ ಮಧ್ಯಾಹ್ನದ ಮೇಲೆ, ದೊಡ್ಡ ರಂಗದಲ್ಲಿ. ಕುರ್ಚಿಗಳಲ್ಲಿ ತಂಡದವರ ತಾಯಂದಿರು, ಅಕ್ಕತಂಗಿಯರು, ಅವಳನ್ನು ಆಸ್ಪತ್ರೆಯಲ್ಲಿ ಬಂದು ನೋಡಿದ್ದ ಹಳಬರು ಕೆಲವರು. ದೀಪದ ಸ್ವಿಚ್ಚಿನ ಬಳಿ ಗಂಡ ನಿಂತಿದ್ದ. ಅವಳು ರಂಗದ ಅಂಚಿಗೆ ಹೋಗಿ, ಎಲ್ಲರಿಗೂ ಕೇಳಿಸುವ ಹಾಗೆ ಗಂಟಲೆತ್ತಿದಳು.

“ಮೇಷ್ಟ್ರೇ, ನೀವು ಹೇಳಿದ ಹಾಗೇ ಮಾಡಿದೀನಿ. ಮಗಳು ಕತ್ತಲಲ್ಲಿ ಹಾರ್ತಾಳೆ. ದೀಪ ಆರಿಸೋದಾ?”

ಮೇಷ್ಟ್ರು ಅವಳನ್ನು ನೋಡಿದರು. ಆ ತುದಿಯಲ್ಲಿ ಶೂವಿನ ಲೇಸು ಬಿಗಿಯುತ್ತಿದ್ದ ಮಗಳನ್ನು ನೋಡಿದರು. ಕುರ್ಚಿಗಳ ಕಡೆಗೆ ನೋಡಿದರು. ಆಮೇಲೆ ಎದೆ ಮುಂದೆ ಮಾಡಿ, ಆರಿಸು ಎಂದರು.

ಗಂಡ ಅವಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಕುಣಿತ ಶುರುವಾದ ಮೇಲಾದರೂ ಹೇಳುತ್ತಾರೆ ಅಂದುಕೊಂಡಳು. ಡೋಲು ಶುರುವಾಯಿತು, ಸಾಲುಸಾಲಾಗಿ ಬೆಳಕು ಹತ್ತಿ ಆರಿತು. ಈಗ ಮೇಷ್ಟ್ರ ಬೆಳಕೂ ಎಲ್ಲರ ಜೊತೆಗೇ ಹತ್ತುತ್ತಿತ್ತು. ಕುರ್ಚಿಗಳಿಂದ ಮೆಚ್ಚುಗೆಯ ಗುಸುಗುಸು ಬಂತು, ಶೂ ಸರಿಹೋಯಿತು ಎಂದು ಯಾರೋ ಅಂದರು. ಹಿಂದಿನ ಸಾಲು ನಿಂತಿತು. ಕತ್ತಲಲ್ಲಿ ಉಳಿದದ್ದು ಆ ತುದಿಯಲ್ಲಿ ಒಂದು ಜೊತೆ ಕಾಲು, ಈ ತುದಿಯಲ್ಲಿ ಒಂದು ಜೊತೆ ಕಾಲು. ಈಗ ಹೇಳುತ್ತಾರೆ. ಹುಡುಗಿಯ ಕಾಲುಗಳು ಮಿಣಮಿಣ ಹತ್ತುತ್ತಾ ಓಡಿ ಬರತೊಡಗಿದವು. ಈಗ. ಹಲಗೆಯ ಮೇಲೆ ಮೇಷ್ಟ್ರ ಹಿಮ್ಮಡಿ ಬಿದ್ದ ಸದ್ದು ಅಂಚಿನಲ್ಲೇ ನಿಂತಿದ್ದ ಅವಳ ಪಾದಕ್ಕೆ ತಾಗಿತು. ಬೆಳಕು ಇನ್ನೂ ಹತ್ತಿರಲಿಲ್ಲ. ಮನುಷ್ಯ ತಿರುಗಿಯಾಗಿತ್ತು.

“ಹಾರಬೇಡ!” ಎಂದು ಅವಳು ಕಿರುಚಿದಳು.

ಹುಡುಗಿ ಕಾಲು ಊರಿ ತಡೆದು, ಮುಗ್ಗರಿಸಿ, ಮಂಡಿಯ ಮೇಲೆ ಜಾರಿ ನಿಂತಳು. ಗಂಡ ದೀಪ ಹಾಕಿದ. ಮೇಷ್ಟ್ರು ಮಗಳಿಗೆ ಬೆನ್ನು ಕೊಟ್ಟು, ಕುರ್ಚಿಗಳ ಕಡೆ ಎರಡೂ ಕೈ ಚಾಚಿ, ಖಾಲಿ ಗಾಳಿಯನ್ನು ಹಿಡಿದುಕೊಂಡು ನಿಂತಿದ್ದರು. ಎಲ್ಲರಿಗೂ ಕಂಡಿತು. ಯಾರೂ ನಗಲಿಲ್ಲ.

ಅವಳು ಆಗ ಹೇಳಿದಳು, ಒಂದೂ ಬಿಡದೆ. ಇವರ ಕಾಲು ತಾಳಕ್ಕಿಂತ ಮೊದಲು ಬೀಳುತ್ತದೆ, ಅದು ಕಾಣಬಾರದು ಎಂದು ಬೆಳಕನ್ನು ತಡ ಮಾಡಿಸಿಕೊಂಡರು, ಮಗಳು ಬೀಳುತ್ತಾಳೆ ಎಂದು ಎದುರಿಗೆ ಕೂರಿಸಿಕೊಂಡು ಹೇಳಿದ್ದೇನೆ, ನಾನು ಬಿದ್ದದ್ದೂ ಹೀಗೆಯೇ. ಇಷ್ಟು ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ಮಾತು ಹೊರಗೆ ಬರುವಾಗ ಅವಳ ಧ್ವನಿ ನಡುಗಲಿಲ್ಲ.

ಹುಡುಗಿ ಮಂಡಿಯ ಮೇಲಿಂದ ಎದ್ದು ಅಪ್ಪನ ಮುಂದೆ ಹೋಗಿ ನಿಂತಳು. ನಿಮಗೆ ಗೊತ್ತಿತ್ತೇ ಎಂದು ಮೆಲ್ಲಗೆ ಕೇಳಿದಳು. ಮೇಷ್ಟ್ರು ಚಾಚಿದ ಕೈಗಳನ್ನು ಇಳಿಸಿದರು. ಮೊದಲ ಸಲ ಆ ಎದೆ ಒಳಗೆ ಹೋದದ್ದನ್ನು ಊರು ನೋಡಿತು.

“ಏನೂ ಆಗಲ್ಲ ಅಂದ್ಕೊಂಡಿದ್ದೆ ಮಗಳೇ.”

ಇದನ್ನು ಕೇಳಿಸಿಕೊಂಡ ಅವಳಿಗೆ ಆದ ಸಂತೋಷವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೈಯೆಲ್ಲ ತಣ್ಣಗಾಯಿತು. ಹಳಬರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹಿಂದೆ ಹಣ್ಣು ತಂದಿದ್ದ ಹೆಂಗಸೊಬ್ಬಳು ಅವಳ ಕಡೆ ತಿರುಗಿ, ಏನೋ ಹೇಳಲು ಹೋಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುರಿದ ಗಂಟಿಗೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ ಎಂದು ಅವಳಿಗೆ ಅನ್ನಿಸಿತು.

ಹುಡುಗಿ ಹಲಗೆಯ ಮೇಲೇ ಕೂತು ಶೂ ಬಿಚ್ಚಿದಳು. ಎರಡನ್ನೂ ಜೋಡಿಸಿ ತಂದು ಅವಳ ಕೈಗೆ ಕೊಟ್ಟಳು. ಕೃತಜ್ಞತೆಯ ಮಾತು ಬರುತ್ತದೆ ಎಂದು ಅವಳು ಕಾದಳು, ಹುಡುಗಿಯ ತಲೆ ಸವರಲು ಕೈಯೂ ಎತ್ತಿದ್ದಳು.

“ಅಕ್ಕಾ, ನಿಮಗೂ ಗೊತ್ತಿತ್ತು” ಎಂದಳು ಹುಡುಗಿ.

“ಕೂಗಿದೆನಲ್ಲಮ್ಮ.”

“ನಾನು ಓಡೋಕೆ ಶುರು ಮಾಡಿದ ಮೇಲೆ.”

ಅವಳು ಎತ್ತಿದ ಕೈ ಹಾಗೇ ಇಳಿಯಿತು. ಹುಡುಗಿ ಬರಿಗಾಲಲ್ಲಿ ರಂಗ ಇಳಿದು, ಯಾರನ್ನೂ ನೋಡದೆ ಕುರ್ಚಿಗಳ ನಡುವಿನಿಂದ ನಡೆದು ಬಾಗಿಲು ದಾಟಿದಳು. ರಂಗದ ಮೇಲೆ ಮೇಷ್ಟ್ರೂ ಅವಳೂ ಉಳಿದರು.

ಇದಾದ ಮೇಲೆ ಮೇಷ್ಟ್ರು ಕುಣಿಯಲಿಲ್ಲ. ಬೀದಿಯಲ್ಲಿ ಆ ಅಡ್ಡಹೆಸರೂ ಕೇಳಿಸುವುದಿಲ್ಲ, ಈಗ ಬೆನ್ನ ಹಿಂದೆಯೂ ಅಕ್ಕ ಎಂದೇ ಕರೆಯುತ್ತಾರೆ. ಸೇಡು ತೀರಿತೇ ಎಂದು ಕೇಳಿದರೆ ಅವಳು ತೀರಿತು ಅನ್ನುತ್ತಾಳೆ, ಅದು ಸುಳ್ಳಲ್ಲ. ಮೇಷ್ಟ್ರ ಮೇಲೆ ಎಳ್ಳಷ್ಟೂ ಕನಿಕರ ಇಲ್ಲ ಅನ್ನುತ್ತಾಳೆ, ಅದೂ ಸುಳ್ಳಲ್ಲ. ಹುಡುಗಿಯ ವಿಷಯ ಎತ್ತಿದರೆ ಮಾತ್ರ ಸುತ್ತಿಗೆ ತೆಗೆದುಕೊಂಡು ಅಟ್ಟೆ ಬಡಿಯಲು ಶುರು ಮಾಡುತ್ತಾಳೆ. ಆ ಹುಡುಗಿ ಬೇರೆ ಊರಿನಲ್ಲಿ ಬೇರೆ ತಂಡದ ಜೊತೆ ಕುಣಿಯುತ್ತಾಳೆ, ಚೆನ್ನಾಗಿಯೇ ಕುಣಿಯುತ್ತಾಳೆ ಎಂದು ನೋಡಿ ಬಂದವರು ಹೇಳುತ್ತಾರೆ. ಎದುರಿಗೆ ಯಾರು ಕೈ ಚಾಚಿ ನಿಂತರೂ ಹಾರುವುದಿಲ್ಲವಂತೆ.